ಓದು ಬಾರದ ಅಪ್ಪ-ಅಮ್ಮನಿಗೆ ಶಾಲೆಯಲ್ಲೇನು ಕೆಲಸ?

ಓದು ಬರಹ ಬಾರದ ಪಾಲಕರು ಶಾಲೆಯ ಸಮಿತಿಗೆ ಬರುವಂತಿಲ್ಲ, ಬಂದರೂ ಮಕ್ಕಳ ಕಲಿಕೆಗೆ ಉಪಯೋಗವಿಲ್ಲ ಎಂಬ ಸಂದೇಶ ರಾಯಚೂರು ಕಡೆ ಮೊಬೈಲ್‌ಗಳಲ್ಲಿ ಆಗಾಗ ತಿರುಗುತ್ತದೆ. ಎರಡೂ ತಪ್ಪು.

2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ನೋಡಿ. ಸರ್ಕಾರಿ ಶಾಲೆಯ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಇಷ್ಟು ಓದಿರಬೇಕು ಎಂಬ ಮಾತೇ ಅಲ್ಲಿಲ್ಲ. ಕಾಯ್ದೆ ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. 'ನಿಯಮ ಇದೆ' ಅಂತ ಬಂದರೆ ಯಾವ ಕಾಯ್ದೆ, ಯಾವ ಸೆಕ್ಷನ್ ಅಂತ ಕೇಳಿ. ಜಗಳ ಬೇಡ, ಸುಮ್ನೆ ಕೇಳಿ. ಕಳಿಸಿದವರಿಗೂ ಯಾರೋ ಕಳಿಸಿದ್ದೇ ಅದು.

ಇನ್ನು ಕಲಿಕೆ. ಹತ್ತಿ ಬಿಡಿಸಿ ಬಂದ ತಾಯಿ, "ಕಿಲೋ ಲೆಕ್ಕದಾಗ ಇವತ್ತಿನ ಕೂಲಿ ಎಷ್ಟಾತು ಹೇಳವ್ವ" ಅಂದರೆ ಅದು ಗುಣಾಕಾರವೇ ಅಲ್ವಾ? ಸುಗ್ಗಿಯಲ್ಲೂ ಮಗಳನ್ನು ಶಾಲೆ ತಪ್ಪಿಸದೆ ಕಳಿಸಿದರೆ ಅದು ಕಲಿಕೆಗೆ ಇನ್ನೂ ಜಾಸ್ತಿ ಉಪಯೋಗ.