ತರಗೆಲೆಯ ತಕರಾರು

ಹಕ್ಕಿ ಪುಸ್ತಕಗಳ ಚಿತ್ರಕಾರರಿಗೆ ನೆಲಸಿಳ್ಳಾರವೆಂಬ ಕಾಡುಹಕ್ಕಿಯ ಮೇಲೆ ಏನೋ ಹಗೆ ಇರಬೇಕು. ಕಿತ್ತಳೆ ತಲೆ, ಕಿತ್ತಳೆ ಎದೆ, ಬೂದುನೀಲಿ ಬೆನ್ನು, ನಮ್ಮ ದಕ್ಷಿಣದ ಉಪಜಾತಿಗೆ ಬಿಳಿ ಕೆನ್ನೆಯ ಮೇಲೆ ನೆಟ್ಟಗೆ ಇಳಿದ ಎರಡು ಕಪ್ಪು ಪಟ್ಟೆ, ಎಲ್ಲ ಸರಿಯೇ. ಆದರೆ ಅದನ್ನು ತೆರೆದ ಕೊಂಬೆಯ ಮೇಲೆ, ನಡುಹಗಲ ಬೆಳಕಿನಲ್ಲಿ ಕೂರಿಸಿಬಿಡುತ್ತಾರೆ. ಆ ಪುಸ್ತಕ ಹಿಡಿದು ಪಶ್ಚಿಮಘಟ್ಟಕ್ಕೆ ಹೋದವರು ಕತ್ತು ನೋಯುವಷ್ಟು ಮೇಲೆ ನೋಡಿ, ಇಲ್ಲಿ ಅದಿಲ್ಲ ಎಂದು ಬರೆದುಕೊಂಡು ಬರುತ್ತಾರೆ. ಅಷ್ಟೊತ್ತೂ ಅದು ಹತ್ತು ಮಾರು ಆಚೆ, ವಾಟೆಬಿದಿರಿನ ಬುಡದಲ್ಲಿ ನಿಂತಿರುತ್ತದೆ. ಗಾಬರಿಯಾದರೆ ಅಲ್ಲಾಡದೆ ನಿಂತುಬಿಡುವುದೇ ಅದರ ಪದ್ಧತಿ. ನೆರಳಲ್ಲಿ ಕಿತ್ತಳೆಗೂ ಒಣಗಿದ ಎಲೆಗೂ ವ್ಯತ್ಯಾಸ ತಿಳಿಯುವುದಿಲ್ಲ.

ಹುಡುಕಬೇಕಾದದ್ದು ಕಿವಿಯಿಂದ, ತರಗೆಲೆಯ ಸದ್ದು ಹಿಡಿದು. ಹರಟೆಮಲ್ಲಗಳ ಗುಂಪಾದರೆ ಸದ್ದಿಗೆ ಬಿಡುವಿಲ್ಲ. ಹಾವುರಾಣಿಯಾದರೆ ಸರ್ರನೆ ಹರಿದು ಮುಗಿಯಿತು. ಇದರದು ಎರಡು ಮೂರು ಕುಪ್ಪಳಿಕೆ, ಮೌನ, ಆಮೇಲೆ ಕೊಕ್ಕಿನಿಂದ ಒಂದು ಎಲೆಯನ್ನು ಪಕ್ಕಕ್ಕೆಸೆದ ಚಟ್ ಸದ್ದು. ಚಳಿಗಾಲಕ್ಕೆ ವಲಸೆ ಬರುವ ನವರಂಗವೂ ಹೀಗೇ ಎಲೆ ಮಗುಚುತ್ತದೆ. ಅದರ ಮೋಟು ಬಾಲ ನೋಡಿಕೊಂಡರೆ ಗೊಂದಲವಿಲ್ಲ.

ಇನ್ನು ಆ ಎಲೆಯ ವಿಷಯ. ಒಳ್ಳೆಯ ತರಗು ಮೇಲೆ ಗರಿಗರಿ, ಅದರಡಿ ತೇವಕ್ಕೆ ಅಂಟಿಕೊಂಡ ಅರೆಕೊಳೆತ ಪದರ, ಅದಕ್ಕೂ ಕೆಳಗೆ ಶಿಲೀಂಧ್ರದ ಬಿಳಿ ನೂಲು ಹಬ್ಬಿದ ಕರಿಪುಡಿ. ಬಸವನಹುಳು, ಎರೆಹುಳು, ಕೀಟದ ಮರಿಗಳೆಲ್ಲ ಸಿಗುವುದು ಆ ನಡುವಿನ ಹಸಿಯಲ್ಲಿ. ಮೇಲಿನದನ್ನು ಗುಡಿಸಿದರೆ ನಡುವಿನದು ಒಣಗುತ್ತದೆ, ಎರೆಹುಳು ಆಳಕ್ಕಿಳಿಯುತ್ತದೆ, ಕೊಕ್ಕಿಗೆ ಎಟುಕುವುದಿಲ್ಲ. ಮಲೆನಾಡಿನ ಅಡಿಕೆಯವರೂ ಬೇಸಿಗೆಯಲ್ಲಿ ಸೊಪ್ಪಿನಬೆಟ್ಟದ, ಅಂದರೆ ತೋಟಕ್ಕೆಂದು ಬಿಟ್ಟುಕೊಟ್ಟ ಕಾಡಿನ, ದರಗು (ತರಗೆಲೆ) ಗುಡಿಸುತ್ತಾರೆ, ನಿಜ. ಅದು ಕೊಟ್ಟಿಗೆಗೆ ಹಾಸಾಗಿ, ಗೊಬ್ಬರವಾಗಿ ತೋಟ ಸೇರುತ್ತದೆ. ಉತ್ತರ ಕನ್ನಡದಲ್ಲಿ ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಬಿಟ್ಟುಕೊಟ್ಟದ್ದು ಸೊಪ್ಪು-ದರಗಿಗೆಂದೇ. ಅವರ ಮೇಲೆ ಸಿಟ್ಟಿಲ್ಲ, ಹಳ್ಳದ ಬದಿಯನ್ನಾದರೂ ಗುಡಿಸದೆ ಬಿಟ್ಟರೆ ಸಾಕು. ಸಿಟ್ಟಿರುವುದು ಕಾಡಂಚಿನ ರೆಸಾರ್ಟಿನವರ ಮೇಲೆ. ಗೇಟಿನಲ್ಲಿ ‘ಪ್ರಕೃತಿಯ ಮಡಿಲು’, ಒಳಗೆ ಬೆಳಗಾದರೆ ಎಲೆ ಊದುವ ಯಂತ್ರ. ಎಲೆ ಕಸವಂತೆ! ಗುಡ್ಡೆ ಹಾಕಿ ಬೆಂಕಿ ಕೊಡುತ್ತಾರೆ, ಬೋಳಾದ ನೆಲಕ್ಕೆ ಹುಲ್ಲುಹಾಸು ಹೊದಿಸುತ್ತಾರೆ, ಆಮೇಲೆ ಹಕ್ಕಿ ಬರಲೆಂದು ಸಿಮೆಂಟಿನ ಬೋಗುಣಿ ಇಡುತ್ತಾರೆ. ಅದೂ ಅಂಗಳದ ನಡುವೆ, ಕಂಬದ ಮೇಲೆ, ಗೇಣುದ್ದ ಆಳ. ನೆಲಸಿಳ್ಳಾರಕ್ಕೆ ಬೇಕಾದದ್ದು ನೆಲಮಟ್ಟದಲ್ಲಿ, ಪೊದೆಗೆ ಒತ್ತಿಕೊಂಡಂತೆ ಎರಡು ಬೆರಳು ನೀರು, ಇಳಿಜಾರು ಅಂಚು, ನಿಲ್ಲಲು ಒಂದು ಒರಟು ಕಲ್ಲು. ಅಂಚು ನುಣುಪಾದರೆ ಕಾಲು ಜಾರುತ್ತದೆ, ಇಳಿಯುವುದೇ ಇಲ್ಲ. ಸರಿಯಿದ್ದರೆ ಸಂಜೆ ಕತ್ತಲಾಗುವ ಮುನ್ನ ಬಂದು ಮೀಯುತ್ತದೆ.

ಗೂಡು ಮಳೆಗಾಲದ್ದು: ಕಡ್ಡಿ, ಬೇರಿನೆಳೆ, ಪಾಚಿಯ ಆಳವಿಲ್ಲದ ಬಟ್ಟಲು. ಮೊಟ್ಟೆ 3 ಅಥವಾ 4, ಕಾವು 13-14 ದಿನ. ಸರಿಯಾಗಿ ಆ ದಿನಗಳಲ್ಲೇ ಮೊಬೈಲಿನಲ್ಲಿ ಅದರ ಹಾಡು ಹಾಕಿಕೊಂಡು ಫೋಟೋದವರು ಹಾಜರು. ಎದುರಾಳಿ ಬಂದನೆಂದು ಗಂಡು ತಿನ್ನುವುದು ಬಿಟ್ಟು ಹಾರಿ ಬರುತ್ತದೆ, ಇಲ್ಲದವನನ್ನು ಹುಡುಕುತ್ತದೆ. ಇವರು ಇನ್ನೊಮ್ಮೆ ಒತ್ತುತ್ತಾರೆ. ಫ್ಲ್ಯಾಶ್ ಬೇರೆ.