ಬೆಲ್ಲದ ಕೇಕ್: ಒಂದು ಸ್ಪಷ್ಟನೆ
"ಮನೆಯಲ್ಲಿ ಬೆಲ್ಲ ಹಾಕಿ ಮಾಡಿದ ಕೇಕ್‌ನಲ್ಲಿ ಸಕ್ಕರೆ ಇರುವುದಿಲ್ಲ, ಸಕ್ಕರೆ ಕಾಯಿಲೆಯವರು ಎಷ್ಟು ಬೇಕಾದರೂ ತಿನ್ನಬಹುದು" ಎಂಬ ಸಂದೇಶ ಮಂಡ್ಯದ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಆಲೆಮನೆಯ ಕೊಪ್ಪರಿಗೆಗೆ ಬೀಳುವುದೂ ಕಬ್ಬಿನ ಹಾಲೇ, ಸಕ್ಕರೆ ಕಾರ್ಖಾನೆಯಲ್ಲಿ ಹಿಂಡುವುದೂ ಅದೇ ಕಬ್ಬು. ಬೆಲ್ಲದ ಬಹುಪಾಲು ಸುಕ್ರೋಸ್, ಅಂದರೆ ಸಕ್ಕರೆಯೇ. 100 ಗ್ರಾಂ ಸಕ್ಕರೆಯಲ್ಲಿ ಸುಮಾರು 400 ಕ್ಯಾಲೊರಿ ಇದ್ದರೆ ಬೆಲ್ಲದಲ್ಲಿ 350ರಿಂದ 380. ಬೆಲ್ಲದಲ್ಲಿ ಸ್ವಲ್ಪ ಕಬ್ಬಿಣ, ಖನಿಜ ಇರುವುದು ನಿಜ. ಆದರೆ ರಕ್ತದಲ್ಲಿ ಸಕ್ಕರೆ ಏರುವುದನ್ನು ಅದು ತಡೆಯುವುದಿಲ್ಲ. ಮೈದಾ ಬದಲು ರಾಗಿ ಹಿಟ್ಟು ಹಾಕಿದರೆ ನಾರು ಜಾಸ್ತಿ, ಒಳ್ಳೆಯದೇ. ಆದರೆ ರಾಗಿಯಲ್ಲೂ ಪಿಷ್ಟ ಇದೆ, ಅದೂ ರಕ್ತದಲ್ಲಿ ಸಕ್ಕರೆ ಏರಿಸುತ್ತದೆ, ಮರೆಯಬೇಡಿ.

ಹಾಗಂತ ಬೆಲ್ಲದ ಕೇಕ್ ಬಿಡಬೇಕಿಲ್ಲ. ಅದರ ಪರಿಮಳವೇ ಬೇರೆ, ನಾನೂ ಮಾಡುತ್ತೇನೆ. ಆದರೆ ಅಜ್ಜಿ-ತಾತನ ಕೈಗೆ ತುಂಡು ಕೊಡುವಾಗ ಸುಮ್ನೆ "ಶುಗರ್ ಫ್ರೀ" ಅನ್ನಬೇಡಿ. ನಂಬಿ ಎರಡು ಮೂರು ತುಂಡು ತಿಂದರೆ ಅವರ ಮಾತ್ರೆ, ಇನ್ಸುಲಿನ್ ಲೆಕ್ಕವೇ ತಪ್ಪುತ್ತದೆ. ಬೆಲ್ಲ ಹಾಕಿದ್ದೇವೆ ಎಂದು ಹೇಳಿ, ಚಿಕ್ಕ ತುಂಡು ಕೊಡಿ.