ಹತ್ತೇ ನಿಮಿಷದ ಕೇಕು

‘ಹತ್ತೇ ನಿಮಿಷದಲ್ಲಿ ಕೇಕು’ ಎಂಬ ಅಡುಗೆ ವಿಡಿಯೊ ನಂಬಿ, ಕುಕ್ಕರಿನ ಗ್ಯಾಸ್ಕೆಟ್ ತೆಗೆದು, ವಿಶಲ್ ಕಳಚಿ, ತಳಕ್ಕೆ ಉಪ್ಪು ಹರಡಿ, ಮುಕ್ಕಾಲು ಗಂಟೆ ಕಾವಲು ಕಾದು ಇಳಿಸಿದ ರವೆ ಕೇಕನ್ನು ಬಾಯಿಗಿಟ್ಟು ನಮ್ಮ ಯಜಮಾನರು ಕೇಳಿದರು: “ಉಪ್ಪಿಟ್ಟು ಯಾಕೆ ಸಿಹಿಯಾಗಿದೆ?”

ವಿಡಿಯೊದವರ ‘ಹತ್ತೇ ನಿಮಿಷ’ದಲ್ಲಿ ರವೆ ಮೊಸರಿನಲ್ಲಿ ನೆನೆಯುವ ಹೊತ್ತು ಯಾರ ಲೆಕ್ಕಕ್ಕೆ? ಸಿಂಕಿನಲ್ಲಿ ಗುಡ್ಡೆ ಬೀಳುವ ಪಾತ್ರೆಗಳನ್ನು ಅವರ ಮನೆಯಲ್ಲಿ ಭೂತಗಳು ತೊಳೆಯುತ್ತವೆಯೇ? ‘ಮನೆಯಲ್ಲೇ ಇರುವ ಸಾಮಗ್ರಿ’ ಎಂದು ಶುರುಮಾಡಿ ವೆನಿಲ್ಲಾ ಎಸೆನ್ಸ್, ಬಟರ್ ಪೇಪರ್ ಎನ್ನುತ್ತಾರೆ. ನನ್ನ ಮನೆಯಲ್ಲಿರುವುದು ಸಾರಿನ ಪುಡಿ, ಹುಣಸೆಹಣ್ಣು!

ಅತ್ತೆಯವರಿಗೆ ಮೊಟ್ಟೆ ಆಗದು. ಮಗನಿಗೆ ಮೊಟ್ಟೆಯಿಲ್ಲದ್ದು ಕೇಕೇ ಅಲ್ಲ. ಓಟ್ಸ್ ದೋಸೆ ಮಾಡಿದರೆ “ಯಾರಿಗೆ ಹುಷಾರಿಲ್ಲ?” ಎಂಬ ವಿಚಾರಣೆ. ಪಾಸ್ತಾಕ್ಕೆ ಇಂಗಿನ ಒಗ್ಗರಣೆ ಯಾಕಿಲ್ಲ ಎಂಬ ತಕರಾರು. ಇಷ್ಟಾದ ಮೇಲೆ ರಾತ್ರಿಗೆ, “ಸುಮ್ಮನೆ ಅನ್ನ, ಸಾರು, ಒಂದು ಪಲ್ಯ, ಹಪ್ಪಳ ಮಾಡಿಬಿಡು, ಸುಲಭ” ಎಂಬ ಔದಾರ್ಯ ಬೇರೆ. ಸುಲಭವಂತೆ!